ಶಿಲಾಯುಗದ ಊಟವೂ ಈ ಯುಗದ ರಕ್ತವೂ

ಊಟದ ವಿಷಯದಲ್ಲಿ ನಮ್ಮ ಕಾಲದಷ್ಟು ತರ್ಕ ಮಾಡಿದ ಕಾಲ ಹಿಂದೆ ಇದ್ದಂತೆ ತೋರುವುದಿಲ್ಲ. ನಮ್ಮ ಹಿರಿಯರು ಪಥ್ಯವೆಂದರೆ ವೈದ್ಯನು ಹೇಳಿದಷ್ಟು ದಿನ ನಡೆಸಿ, ಮೈ ನೆಟ್ಟಗಾದ ಮೇಲೆ ಮತ್ತೆ ರೊಟ್ಟಿ ಬೇಳೆಗೆ ಮರಳುತ್ತಿದ್ದರು. ಇಂದಿನ ಪಥ್ಯ ಹಾಗಲ್ಲ. ಅದಕ್ಕೊಂದು ಹೆಸರಿದೆ, ಸಿದ್ಧಾಂತವಿದೆ, ಅನುಯಾಯಿಗಳ ಬಳಗವಿದೆ. ಸಂಶಯಪಟ್ಟವನ ಮೇಲೆ ಸಣ್ಣದೊಂದು ಮುನಿಸೂ ಇದೆ. ಇಂಥ ಪಥ್ಯಗಳ ಪೈಕಿ ಈಚಿನ ವರ್ಷಗಳಲ್ಲಿ ನಮ್ಮ ಊರುಗಳಿಗೂ ಬಂದಿಳಿದಿರುವುದು ‘ಪೇಲಿಯೋ’ ಆಹಾರ, ಅಂದರೆ ಹಳೆಯ ಶಿಲಾಯುಗದವರ ಊಟ. ಬೇಸಾಯ ಕಲಿಯುವುದಕ್ಕೆ ಮೊದಲು ಮನುಷ್ಯನು ಏನು ತಿನ್ನುತ್ತಿದ್ದನೋ ಅದೇ ಅವನ ದೇಹಕ್ಕೆ ಒಗ್ಗಿದ ಆಹಾರ. ಧಾನ್ಯ, ಬೇಳೆಕಾಳು, ಹಾಲು, ಸಕ್ಕರೆ ಇವೆಲ್ಲ ನಿನ್ನೆ ಮೊನ್ನೆ ಬಂದ ನೆಂಟರು. ಇವರನ್ನು ಹೊರಗೆ ಕಳಿಸಿದರೆ ಬೊಜ್ಜು, ಸಿಹಿಮೂತ್ರ, ಹೃದ್ರೋಗಗಳು ತಾವಾಗಿಯೇ ಹೊರಡುತ್ತವೆ ಎಂಬುದು ಅದರ ಸಾರ.

ಈ ಊಟವನ್ನು ಹಿಡಿದು ನಾಲ್ಕಾರು ತಿಂಗಳಾದ ಮೇಲೆ ರಕ್ತಪರೀಕ್ಷೆ ಮಾಡಿಸಿಕೊಂಡವರ ಕೈಗೆ ಬರುವ ಚೀಟಿಯ ವಿಚಾರವಾಗಿ ಇಲ್ಲಿ ಬರೆಯಹೊರಟಿದ್ದೇನೆ. ಆ ಚೀಟಿಯಲ್ಲಿ ಕೆಲವರಿಗೆ ಎರಡು ಒಳ್ಳೆಯ ಸುದ್ದಿಯೂ ಒಂದು ಕೆಟ್ಟ ಸುದ್ದಿಯೂ ಒಟ್ಟಿಗೆ ಬರುತ್ತವೆ. ಒಳ್ಳೆಯದರಲ್ಲಿ ಕೆಟ್ಟದ್ದನ್ನು ವಜಾ ಮಾಡಿಕೊಂಡು ನಿಶ್ಚಿಂತರಾಗಿರಬಹುದೆಂಬ ಲೆಕ್ಕ ವಿದ್ಯಾವಂತರಲ್ಲಿಯೇ ಹೆಚ್ಚಾಗಿ ಹರಡುತ್ತಿದೆ. ಆ ಲೆಕ್ಕ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಮಾದರಿಗಾಗಿ, ಕಮಲಾಪುರದಿಂದ ದಿನವೂ ಬಸ್ಸಿನಲ್ಲಿ ಕಲಬುರಗಿಗೆ ಬಂದು ಪಾಠ ಹೇಳಿ ಹೋಗುವ, ನಲವತ್ತೈದರ ಆಸುಪಾಸಿನ ಒಬ್ಬ ಅಧ್ಯಾಪಕರನ್ನು ಕಲ್ಪಿಸಿಕೊಳ್ಳೋಣ. ಇವರು ಜೋಳದ ರೊಟ್ಟಿ, ತೊಗರಿಬೇಳೆ, ಅನ್ನ, ಸಕ್ಕರೆ ಎಲ್ಲವನ್ನೂ ಬಿಟ್ಟರು. ತಮ್ಮ ಊರಿಗೆ ಹೆಸರು ತಂದ ಕೆಂಪು ಬಾಳೆಯ ಹಣ್ಣನ್ನು ಕೂಡ, ಅದರಲ್ಲಿ ಸಿಹಿ ಹೆಚ್ಚೆಂದು, ದೂರವಿಟ್ಟರು. ಅವುಗಳ ಬದಲಿಗೆ ಬೆಳಿಗ್ಗೆ ತುಪ್ಪದಲ್ಲಿ ಹುರಿದ ನಾಲ್ಕು ಮೊಟ್ಟೆ, ಬೆಣ್ಣೆ ಹಾಕಿದ ಕಾಫಿ. ಮಧ್ಯಾಹ್ನ ಪನೀರು, ಒಂದಿಷ್ಟು ತರಕಾರಿ. ರಾತ್ರಿ ಕುರಿಯ ಮಾಂಸ. ಐದು ತಿಂಗಳಲ್ಲಿ ಹನ್ನೊಂದು ಕಿಲೋ ತೂಕ ಇಳಿಯಿತು. ಊಟ ಬದಲಿಸುವ ಮೊದಲಿನ ಚೀಟಿಯಲ್ಲಿ ಒಟ್ಟು ಕೊಲೆಸ್ಟರಾಲ್ 212, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 230, ಎಲ್‌ಡಿಎಲ್ 130 ಎಂದಿತ್ತು. ಈಗಿನ ಚೀಟಿಯಲ್ಲಿ ಒಟ್ಟು 272, ಎಚ್‌ಡಿಎಲ್ 48, ಟ್ರೈಗ್ಲಿಸರೈಡ್ 90, ಎಲ್‌ಡಿಎಲ್ 206. ಎಲ್ಲವೂ ಒಂದು ಡೆಸಿಲೀಟರು ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಈ ಅಧ್ಯಾಪಕರು ಹಿಗ್ಗಬೇಕೋ ಹೆದರಬೇಕೋ?

ಮೊದಲು ಹಿಗ್ಗಬೇಕಾದ ಭಾಗವನ್ನು ನ್ಯಾಯವಾಗಿ ಒಪ್ಪಿಕೊಳ್ಳೋಣ. ಟ್ರೈಗ್ಲಿಸರೈಡ್ ಎಂಬುದು ರಕ್ತದಲ್ಲಿ ಹರಿಯುವ ಕೊಬ್ಬು. ನಾವು ತಿಂದು ಮಿಕ್ಕ ಸಕ್ಕರೆ ಪಿಷ್ಟಗಳಿಂದಲೂ ಯಕೃತ್ತು ಅದನ್ನು ತಯಾರಿಸುತ್ತದೆ. ಸಕ್ಕರೆಯೂ ಬಿಳಿಯ ಅನ್ನವೂ ತಟ್ಟೆಯಿಂದ ಹೋದವೆಂದರೆ ಕಾರ್ಖಾನೆಗೆ ಕಚ್ಚಾಮಾಲು ನಿಂತಂತೆ. 230 ಇದ್ದದ್ದು 90ಕ್ಕೆ ಇಳಿದುದರಲ್ಲಿ ಆಶ್ಚರ್ಯವಿಲ್ಲ. ಎಚ್‌ಡಿಎಲ್ ಸಾಮಾನ್ಯವಾಗಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸರಿಯುತ್ತದೆ. ಭಾರತೀಯರ ರಕ್ತದಲ್ಲಿ ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಇರುವ ಜೋಡಿ ಬಹಳ ಸಾಮಾನ್ಯ. ನಮ್ಮ ಈ ದುರ್ಬಲ ಸ್ಥಾನಕ್ಕೇ ಈ ಊಟ ನಾಟುತ್ತದೆಂಬುದು ಅದರ ಹೆಗ್ಗಳಿಕೆ. ತೂಕ ಇಳಿದುದೂ ಕಡಿಮೆ ಲಾಭವಲ್ಲ. ಇವನ್ನೆಲ್ಲ ಕಂಡೂ ಕಾಣದಂತೆ, ‘ಈ ಹುಚ್ಚೆಲ್ಲ ಬಿಡಿ’ ಎಂದು ಗದರಿಸುವ ವೈದ್ಯರು ರೋಗಿಯನ್ನು ಕಳೆದುಕೊಳ್ಳುತ್ತಾರೆ. ಅವನು ಚೀಟಿಯನ್ನು ಮಡಿಚಿಕೊಂಡು ತನ್ನ ಬಳಗದ ಬಳಿಗೇ ಹೋಗುತ್ತಾನೆ.

ಇನ್ನು 206ರ ಮಾತು. ರಕ್ತವು ಬಹುಮಟ್ಟಿಗೆ ನೀರು, ಕೊಲೆಸ್ಟರಾಲು ಜಿಡ್ಡು. ಒಂದರಲ್ಲಿ ಇನ್ನೊಂದು ಕರಗುವಂತಿಲ್ಲ. ಆದ್ದರಿಂದ ಅದು ಪ್ರೋಟೀನಿನ ಬಂಡಿಗಳನ್ನೇರಿ ಪ್ರಯಾಣ ಮಾಡಬೇಕು. ಎಲ್‌ಡಿಎಲ್ ಅಂಥ ಒಂದು ಬಂಡಿ. ಕೆಲಸ ಮುಗಿದ ಬಂಡಿಗಳನ್ನು ರಕ್ತದಿಂದ ಒಳಗೆ ಸೆಳೆದುಕೊಳ್ಳಲು ಯಕೃತ್ತಿನ ಮೇಲೆ ಗ್ರಾಹಕಗಳೆಂಬ ಬಾಗಿಲುಗಳಿವೆ. ಇವನ್ನು ಕಂಡುಹಿಡಿದುದಕ್ಕಾಗಿ ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಎಂಬಿಬ್ಬರಿಗೆ 1985ರಲ್ಲಿ ನೊಬೆಲ್ ಬಹುಮಾನ ಬಂದಿತು. ತುಪ್ಪ, ಬೆಣ್ಣೆ, ಮಾಂಸದ ಕೊಬ್ಬು, ಕೊಬ್ಬರಿ ಎಣ್ಣೆ, ಅಂದರೆ ತಣ್ಣಗಾದರೆ ಹೆಪ್ಪುಗಟ್ಟುವ ಪರ್ಯಾಪ್ತ ಕೊಬ್ಬು, ಹೆಚ್ಚಾದಾಗ ಈ ಬಾಗಿಲುಗಳು ಕಡಿಮೆಯಾಗುತ್ತವೆ. ಬಂಡಿಗಳು ಬೀದಿಯಲ್ಲಿಯೇ ಉಳಿಯುತ್ತವೆ. ಉಳಿದಷ್ಟು ಕಾಲವೂ ಧಮನಿಯ ಗೋಡೆಯೊಳಕ್ಕೆ ನುಸುಳುತ್ತಲೇ ಇರುತ್ತವೆ. ಮೊಟ್ಟೆಯಲ್ಲಿರುವ ಕೊಲೆಸ್ಟರಾಲಿಗೆ ಜನ ಅಂಜುವುದು ಹೆಚ್ಚು. ಬಹುಪಾಲು ಮಂದಿಯಲ್ಲಿ ಮೊಟ್ಟೆಗಿಂತ ಅದನ್ನು ಹುರಿದ ತುಪ್ಪದ ಪಾತ್ರವೇ ದೊಡ್ಡದು.

ತಿಂದುದರಿಂದ ಬಂದ ಕೆಡುಕು ಒಂದಾದರೆ ಬಿಟ್ಟುದರಿಂದ ಬಂದ ಕೆಡುಕು ಇನ್ನೊಂದು. ಯಕೃತ್ತು ಕೊಲೆಸ್ಟರಾಲಿನಿಂದಲೇ ಪಿತ್ತರಸವನ್ನು ಮಾಡಿ ಕರುಳಿಗೆ ಬಿಡುತ್ತದೆ. ಬೇಳೆಕಾಳುಗಳಲ್ಲಿಯೂ ಹಣ್ಣುಗಳಲ್ಲಿಯೂ ಇರುವ ಒಂದು ಬಗೆಯ ನಾರು ಆ ಪಿತ್ತವನ್ನು ಹಿಡಿದುಕೊಂಡು ಹೊರಗೆ ಸಾಗಿಸುತ್ತದೆ. ನಷ್ಟವನ್ನು ತುಂಬಿಕೊಳ್ಳಲು ಯಕೃತ್ತು ರಕ್ತದಿಂದ ಮತ್ತಷ್ಟು ಕೊಲೆಸ್ಟರಾಲನ್ನು ಸೆಳೆಯಬೇಕಾಗುತ್ತದೆ. ದಿನವೂ ಒಂದು ಹೊತ್ತು ಬೇಳೆಕಾಳು ತಿಂದವರ ಎಲ್‌ಡಿಎಲ್ ಶೇಕಡ 5ರಷ್ಟು ಇಳಿಯುತ್ತದೆಂದು ಪ್ರಯೋಗಗಳು ಹೇಳುತ್ತವೆ. ಇದು ದೊಡ್ಡ ಸಂಖ್ಯೆಯಲ್ಲ. ಆದರೆ ತೊಗರಿಯ ಕಣಜವೆನಿಸಿಕೊಂಡು, 2019ರಲ್ಲಿ ತನ್ನ ಬೇಳೆಗೆ ಭೌಗೋಳಿಕ ಗುರುತಿನ ಮನ್ನಣೆಯನ್ನೂ ಪಡೆದ ಜಿಲ್ಲೆಯಲ್ಲಿದ್ದುಕೊಂಡು ಬೇಳೆಯನ್ನೇ ಅಪರಾಧಿಗಳ ಪಟ್ಟಿಗೆ ಸೇರಿಸುವುದು, ಅದೂ ನಿರ್ದೋಷಿಯೆಂದು ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ, ನನಗೆ ಅನ್ಯಾಯವಾಗಿ ತೋರುತ್ತದೆ.

ಈ ಅಧ್ಯಾಪಕರ ಬಳಗದವರು ಸುಮ್ಮನಿರುವವರಲ್ಲ. ಒಟ್ಟು ಕೊಲೆಸ್ಟರಾಲನ್ನು ಎಚ್‌ಡಿಎಲ್‌ನಿಂದ ಭಾಗಿಸಿರಿ ಎನ್ನುತ್ತಾರೆ. ಮೊದಲು 5.9 ಇದ್ದದ್ದು ಈಗ 5.7, ಅಂದರೆ ಸುಧಾರಿಸಿದೆ! ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿದರಂತೂ 6.4 ಇದ್ದದ್ದು 1.9ಕ್ಕೆ ಇಳಿದಿದೆ. ಗಣಿತ ಸರಿಯಾಗಿದೆ, ತರ್ಕ ಸರಿಯಾಗಿಲ್ಲ. ಭಾಗಾಕಾರದಲ್ಲಿ ಎಚ್‌ಡಿಎಲ್‌ಗೆ ಕೊಟ್ಟ ಪದವಿ ದೊಡ್ಡದಾಯಿತು. ಅದು ಹೆಚ್ಚಿರುವವರಲ್ಲಿ ಹೃದ್ರೋಗ ಕಡಿಮೆಯೆಂಬುದು ನಿಜ. ಆದರೆ ಅದನ್ನು ಬೇಕೆಂದೇ ಏರಿಸಿದರೆ ಹೃದಯ ಉಳಿಯುತ್ತದೆಯೇ? ಟಾರ್ಸೆಟ್ರಪಿಬ್ ಎಂಬ ಔಷಧಿಯಿಂದ ಇದನ್ನು ಪರೀಕ್ಷಿಸಿ ನೋಡಿದರು. ಎಚ್‌ಡಿಎಲ್ ಶೇಕಡ 70ಕ್ಕೂ ಮಿಗಿಲಾಗಿ ಏರಿತು, ಸಾವುಗಳೂ ಏರಿದವು, 2006ರ ಡಿಸೆಂಬರಿನಲ್ಲಿ ಆ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಎಲ್‌ಡಿಎಲ್‌ನ ಕಥೆ ಬೇರೆ. ಹುಟ್ಟಿನಿಂದಲೇ ಒಂದು ವಂಶವಾಹಿಯ ವ್ಯತ್ಯಾಸದಿಂದಾಗಿ ಎಲ್‌ಡಿಎಲ್ ಶೇಕಡ 28ರಷ್ಟು ಕಡಿಮೆಯಿದ್ದ ಅಮೆರಿಕದ ಕಪ್ಪು ಜನರಲ್ಲಿ ಹೃದಯದ ಧಮನಿರೋಗ ಶೇಕಡ 88ರಷ್ಟು ಕಡಿಮೆಯೆಂದು, ಅದೇ 2006ರಲ್ಲಿ, ಪ್ರಕಟವಾಯಿತು. ಇಲ್ಲಿ ಔಷಧಿಯೂ ಇಲ್ಲ, ಪಥ್ಯವೂ ಇಲ್ಲ, ಯಾವ ಕಂಪನಿಯ ಕೈವಾಡವೂ ಇಲ್ಲ. ಪ್ರಕೃತಿಯೇ ನಡೆಸಿದ ಪ್ರಯೋಗ. ಈ ಸಂಖ್ಯೆಯನ್ನು ಓದಿದ ಮೇಲೂ ‘ಎಲ್‌ಡಿಎಲ್ ಒಂದು ಕಟ್ಟುಕಥೆ’ ಎನ್ನುವವರ ಧೈರ್ಯ ದೊಡ್ಡದು.

ಅವರ ಬತ್ತಳಿಕೆಯಲ್ಲಿ ಒಂದು ಗಟ್ಟಿಯಾದ ಬಾಣವೂ ಇದೆ, ಮತ್ತು ಅದು ನಮ್ಮ ಹೊಲದ ಬೆಳೆಗೇ ಗುರಿಯಿಟ್ಟದ್ದು. ಆಸ್ಟ್ರೇಲಿಯದ ಸಿಡ್ನಿಯಲ್ಲಿ 1966ರಿಂದ 1973ರವರೆಗೆ, ಹೃದಯದ ಪೆಟ್ಟಿನಿಂದ ಚೇತರಿಸಿಕೊಂಡ 458 ಗಂಡಸರ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಮಂದಿಗೆ ಪ್ರಾಣಿಜನ್ಯ ಕೊಬ್ಬಿಗೆ ಬದಲಾಗಿ ಕುಸುಬಿ ಎಣ್ಣೆಯನ್ನೂ ಅದರಿಂದ ಮಾಡಿದ ಮಾರ್ಗರೀನನ್ನೂ ಕೊಟ್ಟರು. ಕೊಲೆಸ್ಟರಾಲ್ ಇಳಿಯಿತು, ಆದರೆ ಸತ್ತವರ ಸಂಖ್ಯೆ ಆ ಗುಂಪಿನಲ್ಲಿಯೇ ಹೆಚ್ಚಾಗಿತ್ತು. ಕಳೆದುಹೋದಂತಿದ್ದ ಅಂಕಿ ಅಂಶಗಳನ್ನು ಹುಡುಕಿ ತೆಗೆದು 2013ರಲ್ಲಿ ಮರುಲೆಕ್ಕ ಹಾಕಿದಾಗ ಹೃದ್ರೋಗದ ಸಾವುಗಳೂ ಹೆಚ್ಚೆಂದು ತಿಳಿಯಿತು. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆದರೆ ಅದು ಚಿಕ್ಕ ಪ್ರಯೋಗ. ಆ ಕಾಲದ ಮಾರ್ಗರೀನಿನಲ್ಲಿ ಹೃದಯಕ್ಕೆ ಹಾನಿಕರವೆಂದು ಮುಂದೆ ಸಿದ್ಧವಾದ ಟ್ರಾನ್ಸ್ ಕೊಬ್ಬು ಇದ್ದಿರಬಹುದೆಂಬ ಅನುಮಾನವಿದೆ. ಮೇಲಾಗಿ, ಪರ್ಯಾಪ್ತ ಕೊಬ್ಬನ್ನು ಕಡಿಮೆ ಮಾಡಿದ ಪ್ರಯೋಗಗಳನ್ನು ಒಟ್ಟಿಗೆ ತೂಗಿದಾಗ ತಕ್ಕಡಿ ಹೃದಯಕ್ಕೆ ಒಳಿತಾಗುವ ಕಡೆಗೇ ವಾಲುತ್ತದೆ. ನಮ್ಮ ಭಾಗದವರು ಕುಸುಬಿ ಎಣ್ಣೆಯನ್ನು ಒಗ್ಗರಣೆಗೆ ಮಿಳ್ಳೆಗಟ್ಟಲೆ ಬಳಸಿದರೇ ಹೊರತು ಅದನ್ನು ಮಾರ್ಗರೀನು ಮಾಡಿ ರೊಟ್ಟಿಗೆ ಸವರಿದವರಲ್ಲ.

ಈಗ ಹೆಸರಿನ ವಿಚಾರಕ್ಕೆ ಬರೋಣ. ಈ ಊಟದ ಅರ್ಧ ಬಲ ಅದರ ಹೆಸರಿನಲ್ಲಿದೆ. ನಮ್ಮ ಅಧ್ಯಾಪಕರು ತಿನ್ನುತ್ತಿರುವುದು ನಿಜವಾಗಿಯೂ ಶಿಲಾಯುಗದ ಊಟವೇ? ಶಿಲಾಯುಗವನ್ನು ನೋಡಲು ಕಲಬುರಗಿಯವರು ದೂರ ಹೋಗಬೇಕಾಗಿಲ್ಲ. 2009ರ ಕೊನೆಯವರೆಗೆ ನಮ್ಮ ಜಿಲ್ಲೆಗೇ ಸೇರಿದ್ದು ಈಗ ಯಾದಗಿರಿ ಜಿಲ್ಲೆಯಲ್ಲಿರುವ ಹುಣಸಗಿ ಮತ್ತು ಬೈಚಬಾಳ ಕಣಿವೆಗಳು ಹಳೆಯ ಶಿಲಾಯುಗದ ನೆಲೆಗಳಿಗಾಗಿ ಜಗತ್ತಿನ ವಿದ್ವಾಂಸರಿಗೆ ಪರಿಚಿತವಾದವು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಲ್ಲಿ ದಶಕಗಳ ಕಾಲ ತಿರುಗಾಡಿ, ಕೊಡಲಿಗಲ್ಲುಗಳ ನೆಲೆಗಳನ್ನು ಒಂದೊಂದಾಗಿ ಗುರುತಿಸಿದರು. ಇಸಾಂಪುರದಲ್ಲಿ ಸುಣ್ಣಕಲ್ಲನ್ನು ಒಡೆದು ಆಯುಧ ಮಾಡುತ್ತಿದ್ದ ಒಂದು ಕಾರ್ಯಾಗಾರವೇ ಅಗೆತದಲ್ಲಿ ಹೊರಬಂದಿತು. ಅದರ ಪ್ರಾಯ ಸುಮಾರು 12 ಲಕ್ಷ ವರ್ಷವೆಂದು ಅಳೆದಿದ್ದಾರೆ. ಆ ಜನ ಮಳೆಗಾಲದಲ್ಲಿ ಕಣಿವೆಯ ತುಂಬ ಚದುರಿ ಗೆಡ್ಡೆ, ಹಣ್ಣು, ಸೊಪ್ಪು, ಸಣ್ಣ ಜೀವಿಗಳನ್ನು ತಿಂದು, ಬೇಸಿಗೆಯಲ್ಲಿ ಬತ್ತದ ಬುಗ್ಗೆಗಳ ಬಳಿ ಕೂಡಿ ದೊಡ್ಡ ಬೇಟೆಯಾಡುತ್ತಿದ್ದರೆಂಬುದು ಪದ್ದಯ್ಯನವರ ಊಹೆ. ಅವರಲ್ಲಿ ಆಕಳು ಸಾಕುವವರಿರಲಿಲ್ಲ. ಆದ್ದರಿಂದ ತುಪ್ಪವೂ ಇಲ್ಲ, ಪನೀರಂತೂ ಇಲ್ಲವೇ ಇಲ್ಲ. ಬೆಣ್ಣೆ ಕಾಫಿಯ ಮಾತನ್ನು ಎತ್ತದಿರುವುದೇ ಲೇಸು.

ಈ ಪಥ್ಯದ ಮೂಲಪುರುಷರೂ ಹೀಗೆ ಹೇಳಿದವರಲ್ಲ. ಅಮೆರಿಕದ ಈಟನ್ ಮತ್ತು ಕಾನರ್ ಎಂಬಿಬ್ಬರು 1985ರಲ್ಲಿ ಬರೆದ ಪ್ರಬಂಧದಿಂದ ಈ ವಿಚಾರಕ್ಕೆ ವೈದ್ಯಲೋಕದಲ್ಲಿ ಮಾನ ಬಂದಿತು. ಬೇಟೆಗಾರರ ಊಟದಲ್ಲಿ ದಿನಕ್ಕೆ 45 ಗ್ರಾಮಿಗೂ ಹೆಚ್ಚು ನಾರು ಇತ್ತೆಂದೂ, ಕಾಡುಪ್ರಾಣಿಗಳ ಮಾಂಸದಲ್ಲಿ ಕೊಬ್ಬೇ ಕಡಿಮೆಯೆಂದೂ, ಇದ್ದ ಕೊಬ್ಬಿನಲ್ಲಿ ಪರ್ಯಾಪ್ತವಲ್ಲದ್ದರ ಪಾಲು ಹೆಚ್ಚೆಂದೂ ಅವರು ಅಂದಾಜು ಮಾಡಿದರು. 2002ರಲ್ಲಿ ಲಾರೆನ್ ಕಾರ್ಡೇನ್ ಬರೆದ ಜನಪ್ರಿಯ ಪುಸ್ತಕವೂ ಕೊಬ್ಬಿಲ್ಲದ ಮಾಂಸವನ್ನೇ ಹೇಳಿತು, ಹಾಲಿನ ಪದಾರ್ಥಗಳನ್ನು ನಿಷೇಧಿಸಿತು. ಅದು ನೆರೆಯ ತಮಿಳುನಾಡಿಗೆ ಬರುವ ವೇಳೆಗೆ, ಸಸ್ಯಾಹಾರಿಗಳಿಗೂ ಒಗ್ಗಲೆಂದು, ಬಾದಾಮಿ, ತುಪ್ಪ, ಬೆಣ್ಣೆ, ಪನೀರುಗಳು ಅದರೊಳಗೆ ಸೇರಿಕೊಂಡವು, ಹಣ್ಣುಗಳು ಹೊರಬಿದ್ದವು. ಇಂಥದೇ ಊಟ ಈಗ ನಮ್ಮಲ್ಲಿಯೂ ಪೇಲಿಯೋ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಮೂಲ ಪಥ್ಯವನ್ನು ಪರೀಕ್ಷಿಸಿದ ಕೆಲವು ಸಣ್ಣ ಪ್ರಯೋಗಗಳಲ್ಲಿ ರಕ್ತದ ಅಂಕಿಗಳು ಸುಧಾರಿಸಿದವೆಂಬುದನ್ನು ತುಪ್ಪ ಪನೀರಿನ ಈ ಅವತಾರಕ್ಕೆ ಸಾಕ್ಷಿಯಾಗಿ ತರುವುದು, ಅಣ್ಣನ ಪದವಿಪತ್ರವನ್ನು ತೋರಿಸಿ ತಮ್ಮನು ನೌಕರಿ ಕೇಳಿದಂತೆ.

ಧಾನ್ಯ ಬೇಳೆಗಳು ನಿನ್ನೆ ಬಂದ ನೆಂಟರೆಂಬ ಮಾತಿಗೂ ಸ್ವಲ್ಪ ತಡೆ ಹಾಕಬೇಕು. ಜೋರ್ಡಾನಿನಲ್ಲಿ 14,000 ವರ್ಷಕ್ಕೂ ಹಿಂದಿನ, ಅಂದರೆ ಬೇಸಾಯ ಹುಟ್ಟುವುದಕ್ಕೆ ಸುಮಾರು ನಾಲ್ಕು ಸಾವಿರ ವರ್ಷ ಮೊದಲಿನ, ಸುಟ್ಟ ರೊಟ್ಟಿಯ ಚೂರುಗಳು ಸಿಕ್ಕಿದ್ದು 2018ರಲ್ಲಿ ಪ್ರಕಟವಾಯಿತು. ಕಾಡುಹುಲ್ಲಿನ ಕಾಳನ್ನು ಬೀಸಿ ತಟ್ಟುವ ಹೆಣ್ಣುಮಕ್ಕಳು ಆಗಲೇ ಇದ್ದರೆಂದಾಯಿತು. ನಮ್ಮ ದಕ್ಷಿಣದ ನವಶಿಲಾಯುಗದವರು ಹುರುಳಿಯನ್ನೂ ಹೆಸರನ್ನೂ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಬೆಳೆದು ಉಂಡವರು. ಅಷ್ಟು ಕಾಲ ಮನೆಯಲ್ಲಿದ್ದವನನ್ನು ನೆಂಟನೆನ್ನುವುದು ಹೇಗೆ? ಇನ್ನು, ನಮ್ಮ ಅಧ್ಯಾಪಕರ ಟ್ರೈಗ್ಲಿಸರೈಡ್ ಹಿಂದೆ 230ಕ್ಕೆ ಏರಿದ್ದು ಜೋಳದ ರೊಟ್ಟಿಯಿಂದಲೇ ಎಂದು ಯಾರು ಹೇಳಿದರು? ಇಂದಿನ ಕಲಬುರಗಿಯ ಊಟ ರೊಟ್ಟಿ, ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿಗಳಷ್ಟೇ ಆಗಿ ಉಳಿದಿಲ್ಲ. ಬಸ್‌ನಿಲ್ದಾಣದ ನಾಲ್ಕು ಲೋಟ ಸಕ್ಕರೆ ಚಹಾ, ಸಂಜೆಯ ಮಿರ್ಚಿಭಜಿ, ಎರಡು ಹೊತ್ತು ಬಿಳಿ ಅನ್ನ, ಇವೂ ಜೊತೆಗೆ ಬಂದಿವೆ. ಇವೆಲ್ಲವೂ ರೊಟ್ಟಿಯೊಡನೆ ಒಂದೇ ದಿನ ನಿಂತುಹೋದವು. ಕೀರ್ತಿ ಮಾತ್ರ ರೊಟ್ಟಿ ಬಿಟ್ಟದ್ದಕ್ಕೆ ಸಂದಿತು.

ಹಾಗೆಂದು 206ನ್ನು ಕಂಡೊಡನೆ ಎದೆ ಒಡೆದುಕೊಳ್ಳಬೇಕಾಗಿಯೂ ಇಲ್ಲ. ಈ ಚೀಟಿಯ ಕೆಲವು ಗುಟ್ಟುಗಳನ್ನು ತಿಳಿದಿರಬೇಕು. ಅನೇಕ ಪ್ರಯೋಗಾಲಯಗಳಲ್ಲಿ ಎಲ್‌ಡಿಎಲ್ ಅಳೆದ ಸಂಖ್ಯೆಯಲ್ಲ, ಲೆಕ್ಕ ಹಾಕಿದ ಸಂಖ್ಯೆ. ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲನ್ನೂ, ಟ್ರೈಗ್ಲಿಸರೈಡಿನ ಐದನೆಯ ಒಂದು ಪಾಲನ್ನೂ ಕಳೆಯುತ್ತಾರೆ. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರವಿದು. 272ರಲ್ಲಿ 48ನ್ನೂ 18ನ್ನೂ ಕಳೆದರೆ 206, ಸರಿಯಾಯಿತಲ್ಲ? ಟ್ರೈಗ್ಲಿಸರೈಡ್ ಹೆಚ್ಚಿದ್ದಾಗ ಈ ಸೂತ್ರ ಎಲ್‌ಡಿಎಲನ್ನು ಸ್ವಲ್ಪ ಕಡಿಮೆ ತೋರಿಸುತ್ತದೆ, 400 ದಾಟಿದರೆ ಕೆಲಸಕ್ಕೇ ಬಾರದು. ಆದ್ದರಿಂದ ಹಳೆಯ ಚೀಟಿಯ 130 ನಿಜವಾಗಿ ಇನ್ನೂ ತುಸು ಮೇಲಿದ್ದಿರಬಹುದು. ಏರಿಕೆ ಕಂಡಷ್ಟು ಕಡಿದಾಗಿರಲಾರದು. ಮೈತೂಕ ಇಳಿಯುತ್ತಿರುವಾಗ ಒಡಲಿನ ಕೊಬ್ಬು ಕರಗಿ ಅದರೊಳಗಿನ ಕೊಲೆಸ್ಟರಾಲು ರಕ್ತಕ್ಕೆ ಬರುವುದುಂಟು. ತೂಕ ಒಂದು ಕಡೆ ನಿಂತ ಮೇಲೆ ಮತ್ತೊಮ್ಮೆ ನೋಡಬೇಕು. ಥೈರಾಯ್ಡ್ ಗ್ರಂಥಿ ಮಂದವಾಗಿದ್ದರೂ ಎಲ್‌ಡಿಎಲ್ ಏರುತ್ತದೆ. ಅದನ್ನೂ ಪರೀಕ್ಷಿಸಿ ಬಿಡುವುದು ಒಳ್ಳೆಯದು. ಭಾಗಾಕಾರಗಳಿಗಿಂತ ಒಂದು ಸರಳ ವ್ಯವಕಲನ ಹೆಚ್ಚು ನಂಬತಕ್ಕದ್ದು: ಒಟ್ಟರಲ್ಲಿ ಎಚ್‌ಡಿಎಲನ್ನು ಕಳೆಯಿರಿ. ಆಗ 176, ಈಗ 224. ಹಾನಿ ಮಾಡಬಲ್ಲ ಬಂಡಿಗಳೆಲ್ಲದರ ಹೊರೆ ಒಟ್ಟಿನಲ್ಲಿ ಏರಿದೆಯೆಂಬುದನ್ನು ಈ ಸಂಖ್ಯೆ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಇನ್ನೂ ಖಚಿತವಾಗಿ ಬಂಡಿಗಳ ತಲೆಯೆಣಿಕೆಯೇ ಬೇಕೆನ್ನುವವರು ಅಪೋಬಿ ಎಂಬ ಪರೀಕ್ಷೆಯನ್ನು ಕೇಳಬಹುದು. ಒಂದು ಬಂಡಿಗೆ ಒಂದೇ ಅಪೋಬಿ ಇರುತ್ತದೆ.

ಭಾರತದ ಹೃದ್ರೋಗ ತಜ್ಞರ ಸಂಘ 2024ರ ಜುಲೈಯಲ್ಲಿ ನಮ್ಮ ದೇಶಕ್ಕಾಗಿಯೇ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಜನರಲ್ಲಿ ಎಲ್‌ಡಿಎಲ್ 100ಕ್ಕಿಂತಲೂ, ಎಚ್‌ಡಿಎಲ್ ಕಳೆದ ಕೊಲೆಸ್ಟರಾಲ್ 130ಕ್ಕಿಂತಲೂ ಕಡಿಮೆಯಿರಬೇಕು. ಸಿಹಿಮೂತ್ರ, ರಕ್ತದೊತ್ತಡಗಳಿಂದ ಅಪಾಯ ಹೆಚ್ಚಿರುವವರಲ್ಲಿ ಎಲ್‌ಡಿಎಲ್ 70ರ ಕೆಳಗೆ. ಮೊದಲ ತಪಾಸಣೆಗೆ ಉಪವಾಸವೂ ಅಗತ್ಯವಿಲ್ಲವೆಂದು ಅದೇ ಮಾರ್ಗಸೂಚಿ ಹೇಳಿದೆ. ಕಮಲಾಪುರದಿಂದ ಹಸಿದ ಹೊಟ್ಟೆಯಲ್ಲಿ ಬಸ್ಸು ಹಿಡಿದು ಬರುವವರಿಗೆ ಇದು ಸಮಾಧಾನದ ಸಂಗತಿ. ಚಿಕಿತ್ಸೆಗಾಗಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡಬೇಕಾಗಿದ್ದ ಕಾಲವೂ ಕಲಬುರಗಿಯಲ್ಲಿ ಹೋಗುತ್ತಿದೆ. 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ಇಲ್ಲಿ ತೆರೆಯಿತು. ಅಲ್ಲಿಗೆ ಹೋಗಬೇಕಾಗಿ ಬರುವ ಮೊದಲೇ ಚೀಟಿಯನ್ನು ಸರಿಯಾಗಿ ಓದಿಕೊಳ್ಳಬಾರದೇಕೆ?

ಈ ಅಧ್ಯಾಪಕರು ಮತ್ತೆ ಹಳೆಯ ಚಹಾ ಭಜಿಗಳಿಗೆ ಮರಳಬೇಕೆಂದು ನಾನು ಹೇಳಲಾರೆ. ಅವರು ಗಳಿಸಿದ್ದು ಸಣ್ಣದಲ್ಲ. ಸಕ್ಕರೆಯನ್ನೂ ಬಿಳಿ ಅನ್ನವನ್ನೂ ದೂರವೇ ಇಡಲಿ. ತುಪ್ಪ ಬೆಣ್ಣೆಗಳ ಜಾಗದಲ್ಲಿ ಶೇಂಗಾ ಅಥವಾ ಕುಸುಬಿ ಎಣ್ಣೆ ಹಿತಮಿತವಾಗಿ ಬರಲಿ. ಪನೀರು ಸರಿದು ಬೇಳೆಗೆ ಎಡೆ ಕೊಡಲಿ, ಕುರಿಯ ಕೊಬ್ಬಿನ ಬದಲು ಮೀನು ಬರಲಿ, ಪುಂಡಿಪಲ್ಯಕ್ಕೂ ಹಸಿ ತರಕಾರಿಗೂ ತಟ್ಟೆಯ ಅರ್ಧ ಮೀಸಲಾಗಲಿ; ಒಂದು ರೊಟ್ಟಿಯಿಂದ ಆಕಾಶವೇನೂ ಬೀಳುವುದಿಲ್ಲ. ಸಿಹಿಮೂತ್ರದ ಗುಳಿಗೆ ನುಂಗುತ್ತಿರುವವರು ಮಾತ್ರ ಇಂಥ ಯಾವ ಬದಲಾವಣೆಯನ್ನೂ ವೈದ್ಯರಿಗೆ ತಿಳಿಸದೆ ಮಾಡಕೂಡದು. ಎಂಟು ಹತ್ತು ವಾರ ಕಳೆದು ಅದೇ ಪ್ರಯೋಗಾಲಯದಲ್ಲಿ ಮತ್ತೆ ರಕ್ತ ಕೊಡಲಿ. ಎಲ್‌ಡಿಎಲ್ ಚೆನ್ನಾಗಿ ಇಳಿದಿದ್ದರೆ ಏರಿಕೆಗೆ ಕಾರಣ ತಟ್ಟೆಯಲ್ಲಿತ್ತೆಂದು ತಿಳಿಯಬಹುದು. ಆಗಲೂ 190ರ ಮೇಲೆಯೇ ನಿಂತಿದ್ದರೆ ಕಾರಣ ವಂಶದಲ್ಲಿರಬಹುದು. ಸುಮಾರು 250 ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಈ ದೋಷವಿರುತ್ತದೆ. ಅದಕ್ಕೆ ಸ್ಟ್ಯಾಟಿನ್ ಗುಳಿಗೆಯೇ ಬೇಕಾಗುತ್ತದೆ, ಯಾವ ಯುಗದ ಊಟವೂ ಸಾಲದು. ಹಾಗೇನಾದರೂ ಆದರೆ ಅವರ ಒಡಹುಟ್ಟಿದವರೂ ಮಕ್ಕಳೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಬಂದಿರುವ ಸಂಭವ ಎರಡರಲ್ಲಿ ಒಂದು.